ಕಿವಿಯ ಹಿಂದಿನ ಮೂರು ಚುಕ್ಕೆ

ಹರಪನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಬ್ಯೂಟಿ ಪಾರ್ಲರಿನ ಹೊರಗಿನ ಕಟ್ಟೆಯ ಮೇಲೆ ನಾನು ಎರಡು ಗಂಟೆಯಿಂದ ಕುಳಿತಿದ್ದೆ. ಬಾಗಿಲ ಮೇಲೆ ‘ಮಹಿಳೆಯರಿಗೆ ಮಾತ್ರ’ ಎಂದು ಬರೆದಿತ್ತು. ಒಳಗೆ ನನ್ನ ಮೊಮ್ಮಗಳು ಸಂಗೀತಾ ಇದ್ದಳು. ಒಳಗಿನ ಮಾತನ್ನು ಹೊರಗೆ, ಹೊರಗಿನ ಮಾತನ್ನು ಒಳಗೆ ಸಾಗಿಸುವ ಕೆಲಸವನ್ನು ನನ್ನ ತಂಗಿ ಚೌಡಕ್ಕ ವಹಿಸಿಕೊಂಡಿದ್ದಳು. ಮೊದಲ ಸಲ ಬಂದಾಗ ಅವಳ ಕೈಯಲ್ಲಿ ಹೆಬ್ಬೆರಳಿನಷ್ಟು ಎತ್ತರದ ಒಂದು ಬಣ್ಣದ ಶೀಷೆ ಇತ್ತು. ಎರಡನೆಯ ಸಲ ಎರಡು ತಂದಳು. ಮೂರನೆಯ ಸಲ ಮೂರನ್ನೂ ಸೆರಗಿನಲ್ಲಿ ಸುತ್ತಿಕೊಂಡು ಬಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು.

“ಅಣ್ಣ, ಇದರಾಗ ಕರೇದು ಯಾವುದು ಹೇಳು.”

“ಮೂರೂ ಕರೇವ ಅದಾವಲ್ಲ.”

“ಹಂಗಂದ್ರ ಹೆಂಗ? ಬಣ್ಣ ಹಾಕೋ ಆಯಮ್ಮ ಮೂರೂ ಬ್ಯಾರೆ ಬ್ಯಾರೆ ಅಂತಾಳ. ಯಾವುದು ಬೇಕು ಅಂತ ಕೇಳಿದ್ರ ನಿಮ್ಮ ಇಷ್ಟ ಅಂತಾಳ. ನಲವತ್ತು ವರ್ಷ ಉಣ್ಣಿ ಆರಿಸೀಯಲ್ಲ, ನೀನ ಹೇಳು.”

ಅವಳ ಮಾತಿನ ಕೊನೆಯ ಭಾಗ ನಿಜ. ನಾವು ಹರಪನಹಳ್ಳಿ ತಾಲೂಕಿನದೇ ಅರಸೀಕೆರೆಯ ಕುರುಬರು. ನನ್ನ ಅಣ್ಣತಮ್ಮಂದಿರು ಕುರಿ ಕಾದರು, ನಾನು ಉಣ್ಣೆ ಕೊಂಡು, ಆರಿಸಿ, ಕಂಬಳಿ ನೇಯುವವರಿಗೆ ಒದಗಿಸಿದೆ. ಕಪ್ಪು ಉಣ್ಣೆಯಲ್ಲಿ ಎಷ್ಟು ಬಗೆಯ ಕಪ್ಪು ಇರುತ್ತದೆ ಎಂದು ಕೇಳಿದರೆ ನಾನು ಇಂದಿಗೂ ನಿದ್ದೆಯಲ್ಲಿ ಹೇಳಬಲ್ಲೆ. ಆದರೆ ಹುಡುಗಿಯ ಮುಖಕ್ಕೆ ಕಪ್ಪು ಆರಿಸಿಕೊಡು ಎಂದು ಯಾರೂ ಅಲ್ಲಿಯವರೆಗೆ ನನ್ನನ್ನು ಕೇಳಿರಲಿಲ್ಲ.

ಸಂಗೀತಾ ನನ್ನ ಮಗನ ಮಗಳು. ಮಗ, ಸೊಸೆ ವರ್ಷದ ಎಂಟು ತಿಂಗಳು ಕುರಿಯ ಹಿಂದೆ ಊರೂರು ಅಲೆಯುವವರು. ಆದ್ದರಿಂದ ಶಾಲೆ ಕಲಿಯಲೆಂದು ಇವಳು ಚಿಕ್ಕಂದಿನಿಂದ ನನ್ನ ಮತ್ತು ನನ್ನ ಹೆಂಡತಿ ಪಕ್ಕೀರಮ್ಮನ ಬಳಿ ಬೆಳೆದಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ಒಂದು ಜ್ವರ ಬಂದು ಹೋಯಿತು. ಜ್ವರದ ಹಿಂದೆಯೇ ಎರಡೂ ಹುಬ್ಬಿನ ಕೂದಲು ಉದುರಿದವು. ತಲೆಯ ಕೂದಲು ಉಳಿಯಿತು. ದಾವಣಗೆರೆಯ ಡಾಕ್ಟರರು ಮುಲಾಮು ಕೊಟ್ಟರು, ಸೂಜಿ ಚುಚ್ಚಿದರು, ಕೊನೆಗೆ ಇನ್ನು ಬರುವುದಿಲ್ಲ ಎಂದರು.

ಅಂದಿನಿಂದ ಪಕ್ಕೀರಮ್ಮ ಪ್ರತಿದಿನ ಬೆಳಿಗ್ಗೆ ಅವಳನ್ನು ಎದುರಿಗೆ ಕೂರಿಸಿಕೊಂಡು ಹುಬ್ಬು ಬರೆಯುತ್ತಿದ್ದಳು. ಹರಳೆಣ್ಣೆಯ ದೀಪದ ಮೇಲೆ ಕಂಚಿನ ತಟ್ಟೆ ಬೋರಲು ಹಾಕಿ ಮಸಿ ಹಿಡಿದು, ಅದಕ್ಕೆ ಬೆಣ್ಣೆ ಬೆರೆಸಿದ ಕಾಡಿಗೆ. ಅದನ್ನು ಬೇವಿನ ಕಡ್ಡಿಯ ತುದಿಯಿಂದ ಎಳೆಯುತ್ತಿದ್ದಳು. ನಾನು ಮನೆದೇವರು ಬೀರಪ್ಪನ ಪೂಜೆ ಮುಗಿಸಿ, ಹಣೆಗೆ ಭಂಡಾರದ ಅರಿಸಿನ ಹಚ್ಚಿಕೊಂಡು ಹೊರಗೆ ಬರುವಷ್ಟರಲ್ಲಿ ಹುಡುಗಿ ಎರಡು ಕಪ್ಪು ಹುಬ್ಬಿನೊಂದಿಗೆ ಶಾಲೆಗೆ ಸಿದ್ಧಳಾಗಿರುತ್ತಿದ್ದಳು. ಎಂಟು ವರ್ಷ ಹೀಗೆ ನಡೆಯಿತು. ಅವಳು ಓದು ಮುಗಿಸಿದಳು, ತೆಲಿಗಿಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಆದಳು. ಹುಬ್ಬು ಬರೆಯುವುದು ಮಾತ್ರ ನಿಲ್ಲಲಿಲ್ಲ.

ಎರಡು ಸಾವಿರದ ಐದನೆಯ ಇಸವಿಯ ಶ್ರಾವಣದಲ್ಲಿ ಪಕ್ಕೀರಮ್ಮ ತೀರಿಕೊಂಡಳು. ದೇವರು ಕೊಟ್ಟದ್ದನ್ನು ದೇವರೇ ತೆಗೆದುಕೊಂಡ ಎಂದು ಬಂದವರಿಗೆಲ್ಲ ಹೇಳಿದೆ. ಹೇಳುವುದು ಸುಲಭವಾಗಿತ್ತು.

ಹುಡುಗಿ ತನ್ನ ಹುಬ್ಬು ತಾನೇ ಬರೆದುಕೊಳ್ಳಲು ಕುಳಿತಳು. ಕೈಗೆ ಅಭ್ಯಾಸವಿರಲಿಲ್ಲ. ಒಂದು ಹುಬ್ಬು ಮೇಲೆ ಹೋದರೆ ಇನ್ನೊಂದು ಕೆಳಗೆ ಇಳಿಯುತ್ತಿತ್ತು. ಮಾಘ ಮಾಸದ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಿದ್ದಾಗ ಬೆವರು ಒರೆಸಿಕೊಂಡಳಂತೆ. ಎಡಗಡೆಯ ಹುಬ್ಬು ಕಿವಿಯವರೆಗೆ ಹರಡಿತು. ಇಡೀ ತರಗತಿ ನಕ್ಕಿತು. ಅಂದು ಮನೆಗೆ ಬಂದವಳು ಮತ್ತೆ ಶಾಲೆಗೆ ಹೋಗಲಿಲ್ಲ. ವಾರ ಕಳೆದ ಮೇಲೆ ಶಾಲೆಯವರು ಹೇಳಿ ಕಳಿಸಿದರು: ಪರೀಕ್ಷೆ ಶುರುವಾಗುವ ದಿನ ಬಂದರೆ ಸರಿ, ಬಾರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ.

ಆಗಲೇ ಯಾರೋ ಈ ಪಾರ್ಲರಿನ ಸುದ್ದಿ ಹೇಳಿದ್ದು. ದಾವಣಗೆರೆಯಿಂದ ಗೀತಾಂಜಲಿ ಎಂಬ ಹೆಣ್ಣುಮಗಳು ಪ್ರತಿ ಮಂಗಳವಾರ ಬರುತ್ತಾಳೆ, ಸೂಜಿಯ ಯಂತ್ರದಿಂದ ಹುಬ್ಬಿನ ಚರ್ಮದೊಳಗೆ ಬಣ್ಣ ಇಳಿಸುತ್ತಾಳೆ, ತೊಳೆದರೂ ಉಜ್ಜಿದರೂ ಅದು ಹೋಗುವುದಿಲ್ಲ ಎಂದು. ಹೋಗುವುದಿಲ್ಲ ಎಂಬ ಮಾತೇ ನನಗೆ ಭಯ ಹುಟ್ಟಿಸಿತು. ಸರಿ ಬಂದರೆ ಸರಿ, ತಪ್ಪಿದರೆ ಹುಡುಗಿ ಆ ತಪ್ಪನ್ನು ಸಾಯುವವರೆಗೆ ಮುಖದ ಮೇಲೆ ಹೊತ್ತು ತಿರುಗಬೇಕು.

ಆದ್ದರಿಂದ ಶೀಷೆಗಳನ್ನು ನಾನು ಉಣ್ಣೆಯಂತೆಯೇ ನೋಡಿದೆ. ನನಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಕುರಿಯ ಮೈಮೇಲೆ ಹುಟ್ಟಿದ ಕಪ್ಪನ್ನು ಬಿಸಿಲಿಗೆ ಹಿಡಿದರೆ ತುದಿಯಲ್ಲಿ ಸ್ವಲ್ಪ ಕೆಂಪಗೆ ಕಾಣುತ್ತದೆ. ಬಣ್ಣದ ಹಂಡೆಯಲ್ಲಿ ಅದ್ದಿ ತೆಗೆದ ಕಪ್ಪು ನೀಲಿ ಹೊಡೆಯುತ್ತದೆ. ನೀಲಿ ಕಂಡ ಉಣ್ಣೆಯನ್ನು ನಾನು ಎಂದೂ ಕೊಂಡವನಲ್ಲ. ಮೂರು ಶೀಷೆಯಿಂದ ಒಂದೊಂದು ಹನಿ ನನ್ನ ಧೋತರದ ಅಂಚಿನ ಮೇಲೆ ಬಿಟ್ಟು, ನೀರು ಸೇರಿಸಿ, ಬೆರಳಿನಿಂದ ತೆಳ್ಳಗೆ ಎಳೆದೆ. ಮೊದಲನೆಯದು ಅಂಚಿನಲ್ಲಿ ನೀಲಿಯಾಯಿತು. ಎರಡನೆಯದು ಕೆಂಪಾಯಿತು. ಮೂರನೆಯದು ಕಂದಾಗಿ ನಿಂತಿತು.

“ಎರಡನೇದು ಖರೇದು. ಮೊದಲನೇದು ಹಂಡೇದಾಗ ಅದ್ದಿದ್ದು,” ಎಂದೆ.

ಚೌಡಕ್ಕ ಒಪ್ಪಲಿಲ್ಲ. “ಎರಡನೇದು ಕೆಂಪಗೈತಿ. ಮದರಂಗಿ ಹಚ್ಚಿಕೊಂಡ ಮುದುಕಿ ಕಂಡಂಗ ಕಾಣ್ತಾಳ ಹುಡುಗಿ. ಮೊದಲನೇದು ನೋಡು, ಹೆಂಗ ಕರ್ರಗ ಐತಿ.”

“ನಿನ್ನ ಕೈ ನೋಡ್ಕೋ ಚೌಡಿ. ಹಚ್ಚಿ ಹಾಕಿಸ್ಕೊಂಡಾಗ ಅದೂ ಕರ್ರಗ ಇತ್ತು. ಈಗ ಪಾಚಿ ಕಟ್ಟಿದಂಗ ಆಗೈತಿ.”

“ಆಗ್ಲಿ ಬಿಡು. ಹಸರಾದ್ರೂ ನನ್ನ ಹಚ್ಚಿ ನನ್ನ ಕೈಯಾಗ ಐತಿ. ನಿನ್ನ ಕಂಬಳಿ ಎಲ್ಲಿ ಅದಾವ?”

ಅಷ್ಟರಲ್ಲಿ ಗೀತಾಂಜಲಿಯೇ ಹೊರಗೆ ಬಂದಳು. ಮೂವತ್ತರ ಒಳಗಿನ ಹುಡುಗಿ, ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಕಟ್ಟೆಯ ಮೇಲಿನ ಶೀಷೆ, ನನ್ನ ಧೋತರ ಎರಡನ್ನೂ ನೋಡಿ ಅಲ್ಲೇ ನಿಂತುಬಿಟ್ಟಳು.

“ಅಜ್ಜಾರೆ, ಇವನ್ನು ಹೊರಗೆ ತರಬಾರದು. ಧೂಳು ಬೀಳುತ್ತೆ. ಈಗ ಈ ಮೂರೂ ಎಸೆದು ಹೊಸವು ಒಡೀಬೇಕು.”

“ನೀವು ಯಾವುದು ಒಳ್ಳೇದು ಅಂತ ಹೇಳಿದ್ರ ನಾವು ಯಾಕ ತರ್ತಿದ್ವಿ?”

“ಅದು ನಿಮ್ಮ ಇಷ್ಟ ಅಜ್ಜಾರೆ.”

“ನಮ್ಮ ಇಷ್ಟ ಅಂದ್ರ ಎರಡನೇದು ಹಾಕ್ರಿ. ಉಣ್ಣಿ ನೋಡಿದಂಗ ನೋಡೀನಿ.”

ಅವಳು ಬಾಯಿಗೆ ಕಟ್ಟಿದ ಬಟ್ಟೆಯನ್ನು ಕೆಳಗೆ ಎಳೆದಳು. “ಉಣ್ಣೆ ಮೇಲೆ ಚರ್ಮ ಇರಲ್ಲ ಅಜ್ಜಾರೆ. ಇದು ಚರ್ಮದ ಕೆಳಗೆ ಕೂರೋದು. ಮೇಲೆ ಒಂದು ಪದರ ಇರುತ್ತೆ, ಅದರ ಬಣ್ಣಾನೂ ಸೇರಿ ಕಾಣುತ್ತೆ. ಶೀಷೆಯಲ್ಲಿ, ಬಟ್ಟೆ ಮೇಲೆ ಎಷ್ಟು ನೋಡಿದ್ರೂ ಗೊತ್ತಾಗಲ್ಲ. ಕಿವಿ ಹಿಂದೆ ಮೂರರದ್ದೂ ಒಂದೊಂದು ಚುಕ್ಕೆ ಇಡ್ತೀನಿ. ಐದು ವಾರ ಬಿಟ್ಟು ಬನ್ನಿ. ಚುಕ್ಕೆ ನೋಡಿ ಆರಿಸೋಣ.”

ಈ ಮಾತನ್ನು ಎರಡು ಗಂಟೆ ಮೊದಲೇ ಹೇಳಿದ್ದರೆ ನನ್ನ ಧೋತರ ಉಳಿಯುತ್ತಿತ್ತು.

ಅವಳು ಒಳಗೆ ಹೋದ ಮೇಲೆ ಚೌಡಕ್ಕ ನನ್ನ ಪಕ್ಕದಲ್ಲಿ ಕುಳಿತು ಮೊದಲನೆಯ ಶೀಷೆಯನ್ನು ಬೆಳಕಿಗೆ ಹಿಡಿದಳು. ದನಿ ತಗ್ಗಿಸಿ, “ಅಣ್ಣ, ಅತ್ತಿಗಿ ಕಾಡಿಗಿ ಇದಾ ಬಣ್ಣ ಇತ್ತು. ನೋಡು,” ಎಂದಳು.

ನೋಡಿದೆ. ಅದೇ ಬಣ್ಣವಿತ್ತು. ಪಕ್ಕೀರಮ್ಮನ ಬೆರಳಿನ ತುದಿಗೆ ದಿನವೂ ಅಂಟಿರುತ್ತಿದ್ದ ಕಪ್ಪು. ಅಂಚಿನಲ್ಲಿ ನೀಲಿ ಹೊಡೆದದ್ದು ನನ್ನ ಧೋತರದ ಮೇಲೆ ಇನ್ನೂ ಒಣಗಿರಲಿಲ್ಲ. ಆದರೂ ನನ್ನ ಬಾಯಿಂದ, “ಹಂಗಾದ್ರ ಅದ ಇರಲಿ,” ಎಂಬ ಮಾತು ಬಂದಿತು.

ಚುಕ್ಕೆ ಹಾಕಿಸಿಕೊಂಡು ಬಂದ ಮೇಲೆ ಆ ಐದು ವಾರ ನಮ್ಮ ಮನೆಯಲ್ಲಿ ಕಿವಿ ನೋಡುವುದೇ ಒಂದು ಕೆಲಸವಾಯಿತು. ಮುಂಜಾನೆ ಎದ್ದ ಕೂಡಲೇ ಚೌಡಕ್ಕ ಹುಡುಗಿಯ ಕಿವಿ ಮಡಚುತ್ತಿದ್ದಳು. ರೊಟ್ಟಿ ತಿನ್ನುವಾಗ ನಾನು ನೋಡುತ್ತಿದ್ದೆ. ಪಕ್ಕದ ಮನೆಯವರಿಗೆ ಹೇಗೋ ತಿಳಿಯಿತು, ಅವರೂ ಬಂದರು. ಓಣಿಯ ಹುಲುಗಣ್ಣ ದನದ ಆಸ್ಪತ್ರೆಯಲ್ಲಿ ಜವಾನನಾಗಿ ನಿವೃತ್ತಿ ಹೊಂದಿದವನು. ಚರ್ಮದ ವಿಷಯದಲ್ಲಿ ತಾನು ಅರ್ಧ ಡಾಕ್ಟರ್ ಎಂದು ಅವನ ನಂಬಿಕೆ. ಕನ್ನಡಕ ಹಾಕಿಕೊಂಡು ಬಂದು ಬಹಳ ಹೊತ್ತು ಪರೀಕ್ಷಿಸಿ ನನ್ನ ಕಡೆ ತಿರುಗಿದ.

“ಬಂಗಾರಣ್ಣ, ಕುರಿಗೆ ಗುರ್ತು ಹಾಕಿದಂಗ ಹಾಕ್ಯಾರಲ್ಲೋ. ಹಿಂಡಿನಾಗ ತಪ್ಪಿಸ್ಕೊಂಡ್ರ ಹುಡುಕಾಕ ಸಲೀಸು.”

“ಎಷ್ಟನೇದು ಚಲೋ ಕಾಣತೈತಿ, ಅದನ್ನ ಹೇಳು.”

“ಮ್ಯಾಲಿಂದ ಎಣಿಸಬೇಕೋ ಕೆಳಗಿಂದೋ?”

ಸಂಗೀತಾ ಕಿವಿ ಬಿಡಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಆ ದಿನಗಳಲ್ಲಿ ಹೆಚ್ಚು ಮಾತನಾಡುತ್ತಿರಲಿಲ್ಲ. ಹಣೆಯವರೆಗೆ ಸೆರಗು ಎಳೆದುಕೊಂಡು ಮನೆಯೊಳಗೇ ಇರುತ್ತಿದ್ದಳು. ಅಜ್ಜಿಯ ದುಃಖ ಎಂದು ನಾನು ತಿಳಿದೆ. ದುಃಖ ನನಗೂ ಇತ್ತು, ಅದಕ್ಕೆ ಕೇಳಲಿಲ್ಲ.

ಮೂರನೆಯ ವಾರಕ್ಕೆ ಮೊದಲನೆಯ ಚುಕ್ಕೆ ಬಣ್ಣ ತಿರುಗಿತು. ಐದನೆಯ ವಾರಕ್ಕೆ ಅದು ಕಾರ್ಬನ್ ಕಾಗದದ ನೀಲಿಗೆ ಬಂದು ನಿಂತಿತು. ಎರಡನೆಯದು ಇಟ್ಟಿಗೆಯ ಪುಡಿಯಂತೆ ಕೆಂಪಾಯಿತು. ಅಂದರೆ ನಾನು ಖರೆ ಎಂದು ಆರಿಸಿದ್ದೂ ಕೆಟ್ಟಿತ್ತು, ಕಾಡಿಗೆಯ ನೆನಪಿಗೆ ಒಪ್ಪಿದ್ದೂ ಕೆಟ್ಟಿತ್ತು. ಮೂರನೆಯದನ್ನು ಹುಡುಕಬೇಕಾಗುತ್ತಿತ್ತು. ಅವಳ ತಲೆಗೂದಲಿನ ಬುಡದ ಬಣ್ಣದಲ್ಲಿ ಅದು ಬೆರೆತುಹೋಗಿತ್ತು. ಇಷ್ಟನ್ನು ಕಣ್ಣಾರೆ ಕಂಡೂ ನಾನು ಮೂರನೆಯದು ಎನ್ನಲಿಲ್ಲ. ಕಿವಿಯ ಹಿಂದೆ ಬೆಳಕು ಸರಿಯಾಗಿ ಬೀಳುವುದಿಲ್ಲ, ಹುಬ್ಬಿನ ಮೇಲೆ ಅದು ಬೇರೆಯೇ ಕಾಣುತ್ತದೆ ಎಂದು ಚೌಡಕ್ಕನಿಗೆ ಹೇಳಿದೆ. ಅವಳು ಹೌದೆಂದಳು. ಅರವತ್ತು ವರ್ಷದಲ್ಲಿ ನಾನು ಹೇಳಿದ್ದಕ್ಕೆ ಅವಳು ಹೌದೆಂದದ್ದು ಅದೇ ಮೊದಲು. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಮರುದಿನ ಶಾಲೆಯಲ್ಲಿ ಪರೀಕ್ಷೆ ಶುರು ಎನ್ನುವಾಗ ಮಂಗಳವಾರ ಮತ್ತೆ ಹರಪನಹಳ್ಳಿಗೆ ಹೋದೆವು. ಮತ್ತೆ ಅದೇ ಕಟ್ಟೆ. ಈ ಸಲ ಗೀತಾಂಜಲಿ ಶೀಷೆಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳಂತೆ. ಹಾಗಾಗಿ ಚೌಡಕ್ಕ ಬರಿಗೈಯಲ್ಲಿ ಓಡಾಡಿದಳು.

“ಅಣ್ಣ, ಯಾವುದು ಅಂತ ಕೇಳ್ತಾಳ.”

“ಮೊದಲನೇದು ಅಂತ ಹೇಳು.”

ಹೋದಳು, ಬಂದಳು. “ಅದು ನೀಲಿ ಆಗೈತಿ, ಬ್ಯಾಡ ಅಂತಾಳ.”

“ಹೋದ ಸಲ ನಿಮ್ಮ ಇಷ್ಟ ಅಂದ್ಲಲ್ಲ?”

“ಅದನ್ನೂ ಕೇಳಿದೆ. ಈಗ್ಲೂ ನಿಮ್ಮ ಇಷ್ಟ ಅಂತಾಳ, ಆದ್ರ ಬ್ಯಾಡ ಅಂತಾಳ.”

“ಇಬ್ಬರೂ ಕೂಡಿ ನನ್ನ ತಲಿ ತಿಂತೀರಿ. ಎಂಟು ವರ್ಷ ಇದ್ದ ಬಣ್ಣ ಐತಿ, ಹಂಗ ಇರ್ಲಿ. ನಮ್ಮ ಮನಿಯಾಕಿ ಬರದಂಗ, ಅಷ್ಟ ದಪ್ಪ, ಅಷ್ಟ ಕರ್ರಗ. ಬ್ಯಾರೆ ಏನೂ ಹೇಳಬ್ಯಾಡ ಅನ್ನು. ಹಳೇ ಫೋಟೋ ಕೊಟ್ಟೀಯಿಲ್ಲೋ?”

“ಕೊಟ್ಟೀನಿ.”

“ಅದನ್ನ ನೋಡಿ ಬರೀರಿ ಅನ್ನು.”

ಚೌಡಕ್ಕ ಬಾಗಿಲಿಗೆ ಕೈ ಹಾಕುವ ಮೊದಲೇ ಅದು ಒಳಗಿನಿಂದ ತೆರೆಯಿತು. ಸಂಗೀತಾ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಳು. ಕೆಲಸಕ್ಕೆಂದು ಒಳಗೆ ಅವಳ ಹಣೆ, ಹುಬ್ಬು ಎಲ್ಲ ಒರೆಸಿದ್ದರು. ತಲೆಯ ಮೇಲೆ ಸೆರಗಿರಲಿಲ್ಲ. ಎದುರಿಗೆ ಚಹಾದ ಅಂಗಡಿ, ಬಸ್ಸಿಗೆ ಓಡುವ ಜನ, ನಡು ಮಧ್ಯಾಹ್ನದ ಬಿಸಿಲು.

ಆ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಒಂದೇ ಮನೆಯಲ್ಲಿ ಎಂಟು ವರ್ಷ ಇದ್ದು ನೋಡಿರಲಿಲ್ಲ. ನಾನು ಪೂಜೆಯಿಂದ ಏಳುವ ಮೊದಲೇ ಪಕ್ಕೀರಮ್ಮ ಅದನ್ನು ಮುಚ್ಚಿಬಿಡುತ್ತಿದ್ದಳು. ಅವಳು ಹೋದ ಮೇಲೆ ಸೆರಗು ಮುಚ್ಚುತ್ತಿತ್ತು. ಹುಬ್ಬಿಲ್ಲದ ಜಾಗದಲ್ಲಿ ಚರ್ಮ ನುಣುಪಾಗಿ, ಸ್ವಲ್ಪ ಬಿಳಿಚಿಕೊಂಡಿತ್ತು. ಕಣ್ಣುಗಳು ಮಾತ್ರ ಬಹಳ ದೊಡ್ಡದಾಗಿ ಕಂಡವು, ಅವುಗಳಲ್ಲಿ ಸಿಟ್ಟಿತ್ತು.

“ಅಜ್ಜ, ಒಂದು ಸಲನಾದ್ರೂ ನನ್ನ ಕೇಳಿದಿರೇನು?”

“ಒಳಗ ನಡಿ ಮಗಾ. ಎಲ್ಲಾರೂ ನೋಡ್ತಾರ.”

“ನೋಡ್ಲಿ. ಧೋತರಾನ್ನ ಕೇಳಿದ್ರಿ, ಹುಲುಗಣ್ಣಜ್ಜನ್ನ ಕೇಳಿದ್ರಿ. ಕಿವಿ ನಂದು. ಹುಬ್ಬು ನಂದು.”

“ಇದರಾಗ ಕೇಳೋದೇನೈತಿ? ನಿಮ್ಮಜ್ಜಿ ಬರೀತಿದ್ದಂಗ…”

“ಅಜ್ಜಿ ಬರೀತಿದ್ದದ್ದು ನಂಗ ಸೇರ್ತಿರಲಿಲ್ಲ ಅಜ್ಜ.”

ಚೌಡಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

“ಅಷ್ಟು ದಪ್ಪ, ಅಷ್ಟು ಕರ್ರಗ. ಬಯಲಾಟದಾಗ ವೇಷ ಹಾಕ್ದಂಗ ಕಾಣ್ತಿತ್ತು. ಬಸ್ ಹತ್ತಿದ ಕೂಡ್ಲೇ ಕಿಟಕಿ ಕಡಿ ತಿರುಗಿ ಕರ್ಚೀಫಿಲೆ ಅರ್ಧ ಒರೆಸ್ಕೋತಿದ್ದೆ. ದಿನಾ. ಅಕಿಗೆ ಹೇಳಿದ್ರ ನೊಂದ್ಕೋತಾಳ ಅಂತ ಹೇಳಲಿಲ್ಲ. ಕಣ್ಣು ಕಾಣದಿದ್ರೂ ಅಷ್ಟು ಮುತುವರ್ಜಿಲೆ ಬರೀತಿದ್ಲು.” ಅವಳು ಒಂದು ಮೆಟ್ಟಿಲು ಕೆಳಗೆ ಇಳಿದಳು. “ಅದನ್ನ ಒರೆಸಾಕ ಬರ್ತಿತ್ತು ಅಜ್ಜ. ಇದನ್ನ ಒರೆಸಾಕ ಬರಂಗಿಲ್ಲ.”

ಚಹಾದ ಅಂಗಡಿಯಲ್ಲಿ ಇಬ್ಬರು ಲೋಟ ಹಿಡಿದುಕೊಂಡು ನಮ್ಮ ಕಡೆಗೇ ನೋಡುತ್ತಿದ್ದರು. ನನಗೆ ಮೊದಲು ಬಂದದ್ದು ಕೋಪ. ಸತ್ತವಳ ಕೈಕೆಲಸವನ್ನು ಬಸ್ಸಿನಲ್ಲಿ ಒರೆಸಿಹಾಕಿದಳಲ್ಲ ಎಂದು. ಪಕ್ಕೀರಮ್ಮನಿಗೆ ಕೊನೆಯ ಎರಡು ವರ್ಷ ಕಣ್ಣು ಮಂಜಾಗಿತ್ತು. ಬೇವಿನ ಕಡ್ಡಿಯನ್ನು ಕಣ್ಣಿನ ಹತ್ತಿರ ಹಿಡಿದು, ಉಸಿರು ಬಿಗಿಹಿಡಿದು ಬರೆಯುತ್ತಿದ್ದಳು. ಕಾಣದಿದ್ದಷ್ಟೂ ದಪ್ಪ ಎಳೆಯುತ್ತಿದ್ದಳು. ಅದನ್ನು ನಾನು ಬಲ್ಲೆ, ಹೊಸಿಲಲ್ಲಿ ಅವಳು ಹಾಕುತ್ತಿದ್ದ ರಂಗೋಲಿಯ ಗೆರೆಗಳೂ ದಪ್ಪವಾಗಿದ್ದವು. ಈಗ ನಾನು ಅವಳ ಮಂಜುಗಣ್ಣಿನ ಗೆರೆಯನ್ನು ಇಪ್ಪತ್ತೆರಡು ವರ್ಷದ ಹುಡುಗಿಯ ಚರ್ಮದೊಳಗೆ ಹೊಲಿಸಲು ಕುಳಿತಿದ್ದೆ. ನೀಲಿಯಾಗುತ್ತದೆ ಎಂದು ತಿಳಿದೂ ಕುಳಿತಿದ್ದೆ. ಉಣ್ಣೆಯ ವ್ಯಾಪಾರದಲ್ಲಿ ಹೀಗೆ ಮಾಡಿದವನನ್ನು ನಾನು ಕಳ್ಳ ಎಂದು ಕರೆಯುತ್ತಿದ್ದೆ.

“ನಿನಗ ಯಾವುದು ಬೇಕು?” ಎಂದು ಕೇಳಿದೆ.

“ಮೂರನೇದು. ಸಣ್ಣಗ.”

ಚೌಡಕ್ಕನಿಗೆ ತಡೆಯಲಾಗಲಿಲ್ಲ. “ಮೂರನೇದು ಕರೇದ ಅಲ್ಲ ಮಗಾ. ಅದು ಕಂದು. ಊರಾಗ ಯಾರರ ನೋಡಿದ್ರ…”

“ಚೌಡಿ, ಬಾ ಇಲ್ಲಿ ಕುಂದ್ರು.”

“ನಾನು ಒಂದು ಮಾತು…”

“ಕುಂದ್ರು ಅಂದೆ.”

ಅವಳು ಬಂದು ಕುಳಿತಳು. ಸಂಗೀತಾ ಇನ್ನೂ ಸ್ವಲ್ಪ ಹೊತ್ತು ನಿಂತು ನನ್ನನ್ನು ನೋಡಿದಳು. ನಾನು ಮಾತು ಬದಲಾಯಿಸುತ್ತೇನೆ ಎಂದು ಕಾದಳೋ ಏನೋ. ಆಮೇಲೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಯಂತ್ರದ ಸದ್ದು ಕೇಳಿಸತೊಡಗಿತು, ಜೇನುಹುಳು ಕಿವಿಯ ಹತ್ತಿರ ಬಂದಂತೆ.

ಎರಡು ಗಂಟೆ ಹಿಡಿಯಿತು. ಚೌಡಕ್ಕ ಏಳು ಸಲ ಒಳಗೆ ಹೋಗಲು ಎದ್ದಳು. ಏಳು ಸಲವೂ ಅವಳ ಸೆರಗು ಹಿಡಿದು ಕೂರಿಸಿದೆ. ಕೊನೆಗೆ ಅವಳು ಚಹಾ ಬೇಕೆಂದಳು, ತರಿಸಿದೆ. ಸಕ್ಕರೆ ಕಡಿಮೆ ಎಂದಳು. ಬೀರಪ್ಪನ ನಾಮವನ್ನು ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ, ಅವಳ ಮಾತಿನ ನಡುವೆ ಎಣಿಕೆ ತಪ್ಪಿಹೋಯಿತು, ಮತ್ತೆ ಮೊದಲಿನಿಂದ ಶುರು ಮಾಡಿದೆ. ಹೀಗೆ ಎಷ್ಟು ಸಲ ಶುರು ಮಾಡಿದೆನೋ.

ಬಾಗಿಲು ತೆರೆದಾಗ ಮೊದಲು ಗೀತಾಂಜಲಿ ಬಂದಳು. “ಈಗ ಬಾವು ಇದೆ ಅಜ್ಜಾರೆ. ಬಣ್ಣಾನೂ ಗಾಢ ಕಾಣುತ್ತೆ. ಹತ್ತು ದಿನಕ್ಕೆ ಸಿಪ್ಪೆ ಎದ್ದು ತಿಳಿಯಾಗುತ್ತೆ. ಆಗ ಹೋಗೇಬಿಡ್ತು ಅಂತ ಗಾಬರಿಯಾಗಿ ಓಡಿ ಬರಬೇಡಿ.” ಕೊನೆಯ ಮಾತನ್ನು ಚೌಡಕ್ಕನ ಕಡೆ ನೋಡಿ ಹೇಳಿದಳು.

ಸಂಗೀತಾಳ ಮುಖ ಕೆಂಪಗೆ ಊದಿತ್ತು. ಹುಬ್ಬಿನ ಮೇಲೆ ಮುಲಾಮು ಹೊಳೆಯುತ್ತಿತ್ತು. ಅದರ ಅಡಿಯಲ್ಲಿ ಎರಡು ಸಣ್ಣ ಗೆರೆ. ಅವು ಪಕ್ಕೀರಮ್ಮನ ಗೆರೆಗಳಲ್ಲ. ನನಗೆ ಪರಿಚಯವಿಲ್ಲದ ಒಬ್ಬ ಹೆಣ್ಣುಮಗಳ ಹುಬ್ಬು. ಅವಳು ಯಾರೆಂದು ತಿಳಿಯಲು ಇನ್ನು ಮೇಲೆ ನಾನೇ ಅವಳನ್ನು ಕೇಳಬೇಕು ಎನಿಸಿತು.

“ಹೆಂಗೈತಿ ಅಜ್ಜ?”

ಬಿಸಿಲಿಗೆ ಬಾ, ನೋಡಿ ಹೇಳುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ನಿನಗ ಹೆಂಗನಿಸ್ತು?”

“ಚಲೋ ಐತಿ ಅನಿಸ್ತು.”

“ಹಂಗಾದ್ರ ಚಲೋ ಐತಿ.”

ಅರಸೀಕೆರೆಯ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ಅವಳು ತಲೆಯ ಮೇಲೆ ಸೆರಗು ಹಾಕಿಕೊಳ್ಳಲಿಲ್ಲ. ಬಸ್ ಊರು ದಾಟಿದ ಮೇಲೆ, “ನಾಳೆ ಪರೀಕ್ಷಿಗೆ ಹೋಗ್ತೀನಿ,” ಎಂದಳು.

“ಮಾರಿ ಬಾತೈತಿ. ಎರಡು ದಿನ ತಡಿಯಾಕ ಬರ್ತೈತೇನು ಕೇಳೋಣ.”

“ಬ್ಯಾಡ ಅಜ್ಜ, ನಾಳೇನ ಹೋಗ್ತೀನಿ.”

“ಹುಡುಗರು ಏನರ ಅಂದ್ರ?”

“ಅಂದ್ರ ಹಾಕಿಸ್ಕೊಂಡೀನಿ ಅಂತ ಹೇಳ್ತೀನಿ.”

“ಹಂಗಾದ್ರ ಶಾಲಿತನಕ ನಾನೂ ಬರ್ತೀನಿ,” ಎಂದೆ. ಆ ಕಡೆಯಿಂದ ಚೌಡಕ್ಕನೂ, “ನಾನೂ ಬರ್ತೀನಿ,” ಎಂದಳು.

“ಇಬ್ಬರೂ ಬರಬ್ಯಾಡ್ರಿ,” ಎಂದಳು ಸಂಗೀತಾ.

ಚೌಡಕ್ಕ ನನ್ನ ಮುಖ ನೋಡಿದಳು. ನಾನು ಹೇಳಬೇಕೆಂದಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ಒಳಗೇ ಮಡಚಿಟ್ಟು, ಆಗಲಿ ಎಂದು ತಲೆಯಾಡಿಸಿದೆ.